ಪರಮಾಣು ತ್ಯಾಜ್ಯದ ಚರ್ಚೆ: ಮೊದಲು ವಿಷಯವನ್ನು ಚಿಕ್ಕದು ಮಾಡಿ

ಒಂಬತ್ತನೇ ತರಗತಿಯ ಮಕ್ಕಳಿಂದ ಪರಮಾಣು ತ್ಯಾಜ್ಯದ ಬಗ್ಗೆ ಚರ್ಚೆ ಮಾಡಿಸಿದರೆ, ಅದು ‘ಅಣುವಿದ್ಯುತ್ ಬೇಕೋ ಬೇಡವೋ’ ಎಂಬ ಕೂಗಾಟವಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ತಪ್ಪು ಮಕ್ಕಳದ್ದಲ್ಲ, ವಿಷಯ ತುಂಬಾ ದೊಡ್ಡದಾಯಿತು. ತ್ಯಾಜ್ಯ ಈಗಾಗಲೇ ಇದೆ, ಅದನ್ನೇನು ಮಾಡೋಣ ಎಂಬಲ್ಲಿಂದ ಶುರು ಮಾಡಿ. ಒಂದು ತಂಡ ‘ಆಳದ ಬಂಡೆಯಲ್ಲಿ ಶಾಶ್ವತವಾಗಿ ಹೂಳೋಣ’ ಎನ್ನಲಿ. ಇನ್ನೊಂದು ‘ಬೇಕಾದಾಗ ತೆಗೆಯುವಂತೆ ನೆಲದ ಮೇಲೇ ಇಡೋಣ’ ಎನ್ನಲಿ.

ಅದಕ್ಕೂ ಮುಂಚೆ ಒಂದು ಪೀರಿಯಡ್ ಪೂರ್ತಿ ಅರ್ಧಾಯುಷ್ಯಕ್ಕೆ, ಅಂದರೆ ವಿಕಿರಣ ಸೂಸುವ ವಸ್ತುವಿನಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾಗುವ ಕಾಲಕ್ಕೆ ಕೊಡಿ, ದಯವಿಟ್ಟು ಇದನ್ನು ಬಿಡಬೇಡಿ. ತ್ಯಾಜ್ಯದಲ್ಲಿರುವ ಸೀಸಿಯಂ-137ರದ್ದು ಸುಮಾರು 30 ವರ್ಷ, ಪ್ಲುಟೋನಿಯಂ-239ರದ್ದು ಸುಮಾರು 24,000 ವರ್ಷ. ಹತ್ತು ಅರ್ಧಾಯುಷ್ಯ ಕಳೆದರೆ ಸಾವಿರದಲ್ಲಿ ಸುಮಾರು ಒಂದು ಪಾಲು ಉಳಿಯುತ್ತದೆ. ಈ ಲೆಕ್ಕವನ್ನು ಅವರೇ ಹಾಕಲಿ. 300 ವರ್ಷ ಕಾಯುವುದು ಬೇರೆ, 2,40,000 ವರ್ಷ ಕಾಯುವುದು ಬೇರೆ ಅಲ್ವಾ? ಇಷ್ಟು ಕಾಲ ಕಾವಲು ಕಾಯುವವರು ಯಾರು ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ. ಆಗ ಸುಮ್ನೆ ಕೂಗುವುದು ಕಡಿಮೆಯಾಗುತ್ತದೆ.

ಉದಾಹರಣೆಗೆ ಎರಡು ಜಾಗ ಸಾಕು. ತ್ಯಾಜ್ಯ ಹೂಳಲು ಕಟ್ಟಿದ ಫಿನ್‌ಲ್ಯಾಂಡಿನ ಓಂಕಾಲೋದಲ್ಲಿ 400 ಮೀಟರಿಗೂ ಹೆಚ್ಚು ಆಳದ ಬಂಡೆ, ತಾಮ್ರದ ಡಬ್ಬಿ, ಸುತ್ತ ಬೆಂಟೊನೈಟ್ ಜೇಡಿಮಣ್ಣು. ಅಲ್ಲಿನ ಸ್ಥಳೀಯ ಆಡಳಿತಕ್ಕೆ ‘ಬೇಡ’ ಎನ್ನುವ ಹಕ್ಕಿತ್ತು, ಆದರೂ ಒಪ್ಪಿತು. ಅಮೆರಿಕದ ನೆವಾಡಾ ರಾಜ್ಯದ ಯುಕ್ಕಾ ಮೌಂಟನ್ ಎಂಬ ಬೆಟ್ಟವನ್ನು ತ್ಯಾಜ್ಯ ಹೂಳಲೆಂದು 1987ರಲ್ಲಿ ಅಲ್ಲಿನ ಸಂಸತ್ತು ಆರಿಸಿತು. ನೆವಾಡಾ ರಾಜ್ಯ ವಿರೋಧಿಸಿತು, ಕೆಲಸ ನಿಂತುಹೋಯಿತು. ಅಂದರೆ ಸ್ಥಳೀಯರ ಒಪ್ಪಿಗೆಯೂ ಮುಖ್ಯ, ಹಾಗಾಗಿ ಒಬ್ಬ ವಿದ್ಯಾರ್ಥಿ ತ್ಯಾಜ್ಯ ಇಡುವ ಊರಿನವರ ಪರವಾಗಿಯೇ ಮಾತಾಡಲಿ.

ಅರ್ಧದಲ್ಲಿ ತಂಡಗಳ ಪಕ್ಷ ಬದಲಿಸಿ. ಅಂಕವನ್ನು ಜೋರು ಮಾತಿಗಲ್ಲ, ಎದುರಿನವರ ವಾದವನ್ನು ಸರಿಯಾಗಿ ಹೇಳಿ ಉತ್ತರ ಕೊಟ್ಟವರಿಗೆ ಕೊಡಿ.