ಎನ್‌ಎಫ್‌ಎಸ್ ಕ್ಯಾಶ್ ಫೋಲ್ಡರ್ ಖಾಲಿ ಇದ್ದರೆ
ಎನ್‌ಎಫ್‌ಎಸ್ ಅಂದರೆ ಬೇರೆ ಸರ್ವರಿನ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ನಮ್ಮ ಕಂಪ್ಯೂಟರಿಗೆ ಜೋಡಿಸುವ (ಮೌಂಟ್ ಮಾಡುವ) ವ್ಯವಸ್ಥೆ. ನೀವು ಮೌಂಟ್ ಮಾಡುವಾಗ ಎಫ್‌ಎಸ್‌ಸಿ, ಅಂದರೆ ‘ಕ್ಯಾಶ್ ಬಳಸು’ ಎನ್ನುವ ಆಯ್ಕೆ, ಬಿಟ್ಟುಹೋಗಿರಬೇಕು. ಇಳಿದ ಫೈಲುಗಳ ಪ್ರತಿಯನ್ನು ಲೋಕಲ್ ಡಿಸ್ಕಿನ ಕ್ಯಾಶ್‌ನಲ್ಲಿ ನೋಡಿಕೊಳ್ಳುವ ಕ್ಯಾಶ್‌ಫೈಲ್ಸ್‌ಡಿ ಹಾಕಿದರೂ ಬೆಳಗಾವಿ ಸರ್ವರಿನ ಫೈಲುಗಳು ವಿಜಯಪುರದ ಲ್ಯಾಬಿಗೆ ಪ್ರತಿ ಸಲ ಹೊಸದಾಗಿ ಇಳಿಯುತ್ತಿವೆ, ಕ್ಯಾಶ್ ಫೋಲ್ಡರ್ ಖಾಲಿ ಅಂದಿರಲ್ಲ, ಅದಕ್ಕೇ ಈ ಅನುಮಾನ.

ನಿಮ್ಮದು ಉಬುಂಟು. ಮೊದಲು /ಈಟಿಸಿ/ಡಿಫಾಲ್ಟ್/ಕ್ಯಾಶ್‌ಫೈಲ್ಸ್‌ಡಿ ತೆರೆದು ‘ರನ್=ಯೆಸ್’ ಮುಂದಿನ ಹ್ಯಾಶ್ ಗುರುತು ತೆಗೆಯಿರಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಆಮೇಲೆ ಎಫ್‌ಎಸ್‌ಟ್ಯಾಬ್‌ನಲ್ಲಿ (ಮೌಂಟ್‌ಗಳ ಪಟ್ಟಿಯಿರುವ ಫೈಲು) ಆ ಶೇರಿನ, ಅಂದರೆ ಸರ್ವರ್ ಹಂಚಿದ ಫೋಲ್ಡರಿನ, ಆಯ್ಕೆಗಳಿಗೆ ಎಫ್‌ಎಸ್‌ಸಿ ಸೇರಿಸಿ. ಸುಮ್ನೆ ರಿಮೌಂಟ್ ಮಾಡಿದರೆ ಸಾಲದು. ಪೂರ್ತಿ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ. ಅದೇ ಶೇರ್ ಇನ್ನೊಂದು ಕಡೆ ಎಫ್‌ಎಸ್‌ಸಿ ಇಲ್ಲದೆ ಕೂತಿದ್ದರೆ ಅದನ್ನೂ ತೆಗೆಯಿರಿ, ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ.

ಈಗ ‘ಕ್ಯಾಟ್ /ಪ್ರೊಕ್/ಎಫ್‌ಎಸ್/ಎನ್‌ಎಫ್‌ಎಸ್‌ಎಫ್‌ಎಸ್/ವಾಲ್ಯೂಮ್ಸ್’ ಕೊಡಿ. ಎಫ್‌ಎಸ್‌ಸಿ ಕಾಲಂನಲ್ಲಿ ಯೆಸ್ ಬರಬೇಕು. ಬಂದರೂ ಫೋಲ್ಡರ್ ತುಂಬದಿದ್ದರೆ ಬಹುಶಃ ಡಿಸ್ಕ್ ಭರ್ತಿಯಾಗಿದೆ. ಕ್ಯಾಶ್‌ಫೈಲ್ಸ್‌ಡಿ ಕಾನ್ಫಿಗ್‌ನಲ್ಲಿ ಬಿಸ್ಟಾಪ್ 3% ಇದ್ದರೆ, ಖಾಲಿ ಜಾಗ ಅದಕ್ಕಿಂತ ಇಳಿದಾಗ ಹೊಸದೇನೂ ಸೇರುವುದಿಲ್ಲ.