ಸಂಪಾದಕರ ಉತ್ತರ: ಎರಡು ದೋಣಿಯ ವಿಷಯವೇ?

ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ಬರೆದ ಪತ್ರದ ಸಾರ ಇದು. ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸಗಳನ್ನು ಓದಿ ಅವರು ಈ ವರ್ಷ ಬಿ.ಎ. ಮುಗಿಸಿದ್ದಾರೆ. ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದ (ದೇಶಗಳ ನಡುವಿನ ಅಧಿಕಾರವನ್ನೂ ಹಣ, ವ್ಯಾಪಾರಗಳನ್ನೂ ಒಟ್ಟಿಗೆ ಓದುವ ವಿಷಯ) ಒಂದು ವರ್ಷದ ಎಂ.ಎ.ಗೆ ಪ್ರವೇಶ ಸಿಕ್ಕಿದೆ. ಕಾಫಿ ಬೆಳೆಗಾರರಾದ ತಂದೆಯವರು, "ಅದು ಎರಡು ದೋಣಿಯಲ್ಲಿ ಕಾಲಿಟ್ಟ ವಿಷಯ, ಓದುವುದಾದರೆ ಅರ್ಥಶಾಸ್ತ್ರವನ್ನೇ ಓದು, ಇಲ್ಲವಾದರೆ ಕೆ.ಎ.ಎಸ್.ಗೆ ಕೂರು" ಎನ್ನುತ್ತಿದ್ದಾರೆ. ಹೋಗುವುದಾದರೆ ತೋಟದ ಮೇಲೆ ಸಾಲ ತೆಗೆಯಬೇಕು. ಇದು ನಿಜವಾಗಿ ಒಂದು ವಿಷಯವೇ, ಗಣಿತ ಎಷ್ಟು ಬೇಕು, ಹೋಗಲೋ ಬೇಡವೋ ಎಂದು ಅವರು ಕೇಳಿದ್ದಾರೆ. ತಂದೆಯವರು ಕಾಫಿ ಮಂಡಳಿಯ ಹಳೆಯ ಚೀಟಿಗಳನ್ನು ಇನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ ಎಂಬ ಮಾತೂ ಪತ್ರದ ಕೊನೆಗೆ ಬಂದಿದೆ.

ನಿಮ್ಮ ತಂದೆಯವರ ಆಕ್ಷೇಪದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಹಗುರವಾದ ಆಕ್ಷೇಪವಲ್ಲ. ಆದರೆ ದೋಣಿ ಎರಡಾದದ್ದು ಈಚೆಗೆ. ಹತ್ತೊಂಬತ್ತನೆಯ ಶತಮಾನದ ಬಹುಪಾಲು ಇಂಗ್ಲೆಂಡಿನಲ್ಲಿ ಈ ಶಾಸ್ತ್ರಕ್ಕೆ ಇದ್ದ ಹೆಸರೇ ರಾಜಕೀಯ ಅರ್ಥಶಾಸ್ತ್ರ. ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಅವರ ಪ್ರಸಿದ್ಧ ಪಠ್ಯ 1890ರಲ್ಲಿ ಹೊರಬಂದ ಹೊತ್ತಿಗೆ ಆ 'ರಾಜಕೀಯ' ಎಂಬ ವಿಶೇಷಣ ಉದುರತೊಡಗಿತ್ತು. ನಮ್ಮಲ್ಲಂತೂ ಪದವೇ ಸಾಕ್ಷಿ: 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ಕೌಟಿಲ್ಯನ ಹಸ್ತಪ್ರತಿಯಲ್ಲಿ 'ಅರ್ಥ' ಎಂದರೆ ಜನರಿರುವ ಭೂಮಿ, ಅದನ್ನು ಗಳಿಸಿ ಕಾಪಾಡುವ ಉಪಾಯವೇ ಅರ್ಥಶಾಸ್ತ್ರ. ಅಲ್ಲಿ ಸುಂಕ, ಸೈನ್ಯ, ವ್ಯಾಪಾರ, ರಾಯಭಾರ ಎಲ್ಲವೂ ಒಂದೇ ಕಟ್ಟಿನಲ್ಲಿವೆ.

ಬೇರ್ಪಟ್ಟವರನ್ನು ಮತ್ತೆ ಕೂಡಿಸುವ ಕೆಲಸಕ್ಕೆ ಮುಂದಾದವರಲ್ಲಿ ಬ್ರಿಟನ್ನಿನ ವಿದ್ವಾಂಸೆ ಸೂಸನ್ ಸ್ಟ್ರೇಂಜ್ ಮುಖ್ಯರು. ಅಂತರರಾಷ್ಟ್ರೀಯ ಅರ್ಥಶಾಸ್ತ್ರದವರೂ ಅಂತರರಾಷ್ಟ್ರೀಯ ಸಂಬಂಧಗಳವರೂ ಒಬ್ಬರ ಮುಖ ಒಬ್ಬರು ನೋಡದೆ ಕುಳಿತಿದ್ದಾರೆ ಎಂದು ಅವರು 1970ರಲ್ಲಿ ಒಂದು ಲೇಖನ ಬರೆದು ದೂರಿದರು. ಮರುವರ್ಷ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್, ಡಾಲರನ್ನು ಚಿನ್ನಕ್ಕೆ ಬದಲಾಯಿಸಿಕೊಡುವುದನ್ನು ನಿಲ್ಲಿಸಿದರು; 1944ರಲ್ಲಿ ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳ ಪ್ರತಿನಿಧಿಗಳು ಕುಳಿತು ಕಟ್ಟಿದ, ಔನ್ಸ್ ಚಿನ್ನಕ್ಕೆ 35 ಡಾಲರ್ ಎಂಬ ಲೆಕ್ಕದ ಮೇಲೆ ನಿಂತಿದ್ದ ವ್ಯವಸ್ಥೆ ಅಲ್ಲಾಡಿತು. 1973ರ ಕೊನೆಗೆ ತೈಲದ ಬೆಲೆ ಏರಿತು. ಇವನ್ನು ಬೇಡಿಕೆ ಪೂರೈಕೆಯ ರೇಖೆಯಿಂದ ಮಾತ್ರ ವಿವರಿಸಲು ಬರುವಂತಿರಲಿಲ್ಲ, ರಾಯಭಾರಿಗಳ ಟಿಪ್ಪಣಿಗಳಿಂದ ಮಾತ್ರವೂ ಬರುವಂತಿರಲಿಲ್ಲ. ವಿಷಯ ಬೆಳೆದದ್ದು ಈ ಬಿಕ್ಕಟ್ಟಿನಲ್ಲಿ.

ಇಷ್ಟು ದೂರದ ಉದಾಹರಣೆ ನಿಮಗೆ ಬೇಕಾಗಿಲ್ಲ, ನಿಮ್ಮ ಅಂಗಳದಲ್ಲಿ ಒಣಗುವ ಕಾಫಿಯೇ ಸಾಕು. 1962ರಲ್ಲಿ ಕಾಫಿ ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಸೇರಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದಕ್ಕೆ ಬಂದವು. ಬೆಲೆ ಕುಸಿಯದಂತೆ ಪ್ರತಿ ದೇಶದ ರಫ್ತಿಗೂ ಕೋಟಾ ನಿಗದಿಯಾಯಿತು. ಇಲ್ಲಿ ತಡೆದು ಒಂದು ಪ್ರಶ್ನೆ ಕೇಳಿಕೊಳ್ಳಿ: ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಕೊಳ್ಳುತ್ತಿದ್ದ ಅಮೆರಿಕ, ತಾನು ಹೆಚ್ಚು ಬೆಲೆ ಕೊಡಬೇಕಾಗುವ ಒಪ್ಪಂದಕ್ಕೆ ಏಕೆ ಸಹಿ ಹಾಕಿತು? ಬೆಲೆಯ ಪಠ್ಯದಲ್ಲಿ ಇದಕ್ಕೆ ಉತ್ತರವಿಲ್ಲ. 1959ರಲ್ಲಿ ಕ್ಯೂಬಾದ ಕ್ರಾಂತಿ ನಡೆದಿತ್ತು. ಬೆಲೆ ಬಿದ್ದು ದಿವಾಳಿಯಾದ ಲ್ಯಾಟಿನ್ ಅಮೆರಿಕದ ಬೆಳೆಗಾರರು ಕೆಂಪು ಬಾವುಟದ ಕಡೆಗೆ ತಿರುಗಿಯಾರು ಎಂಬ ಭಯ ವಾಷಿಂಗ್ಟನ್ನಿನಲ್ಲಿತ್ತು. ಕಾಫಿಯ ಬೆಲೆಯಲ್ಲಿ ಆ ಭಯದ ಪಾಲೂ ಸೇರಿತ್ತು.

1980ರ ದಶಕದ ಕೊನೆಗೆ ಆ ಭಯ ಕರಗಿತು. ಕೋಟಾದಿಂದ ಹೊರಗಿದ್ದ ದೇಶಗಳಿಗೆ ಅದೇ ಕಾಫಿ ಅಗ್ಗದಲ್ಲಿ ಹೋಗುತ್ತಿದೆ ಎಂಬುದು ಅಮೆರಿಕದ ಸಿಟ್ಟು; ತನ್ನ ಪಾಲು ಬಿಟ್ಟುಕೊಡುವುದಿಲ್ಲ ಎಂಬುದು ಬ್ರೆಜಿಲ್‌ನ ಹಟ. 1989ರ ಜುಲೈನಲ್ಲಿ ಕೋಟಾ ರದ್ದಾಯಿತು, ಬೆಲೆ ಬಿದ್ದಿತು. ಬರ್ಲಿನ್ ಗೋಡೆ ಒಡೆದದ್ದು ಅದಾದ ನಾಲ್ಕು ತಿಂಗಳಿಗೆ. ಎರಡು ವರ್ಷ ಕಳೆಯುವಷ್ಟರಲ್ಲಿ ನಮ್ಮ ಕಾಫಿಗೆ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ 1991ರಲ್ಲಿ ಭಾರತ ವಿದೇಶಿ ವಿನಿಮಯ ಬರಿದಾಗಿ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟು, ಜುಲೈ ಮೊದಲ ವಾರದಲ್ಲಿ ರೂಪಾಯಿಯ ಮೌಲ್ಯವನ್ನು ಎರಡು ಬಾರಿ ಇಳಿಸಿತು. ಎರಡನೆಯ ಮಹಾಯುದ್ಧದ ಕಾಲದಿಂದ ಬೆಳೆಗಾರರು ಕಾಫಿ ಮಂಡಳಿಯ ಪೂಲ್‌ಗೇ, ಅಂದರೆ ಮಂಡಳಿಯೇ ಮಾರುವ ಒಟ್ಟು ದಾಸ್ತಾನಿಗೇ, ಕಾಫಿ ಹಾಕಬೇಕೆಂದಿದ್ದ ಪದ್ಧತಿ 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಮುಕ್ತವಾಯಿತು. ಅಷ್ಟರಲ್ಲಿ ವಿಯೆಟ್ನಾಂ ಸರ್ಕಾರದ ಒತ್ತಾಸೆಯಿಂದ ಅಲ್ಲಿ ರೊಬಸ್ಟಾ ತೋಟಗಳು ಹಬ್ಬಿದ್ದವು, ಶತಮಾನದ ಕೊನೆಗೆ ಆ ದೇಶ ಬ್ರೆಜಿಲ್‌ನ ನಂತರದ ಸ್ಥಾನಕ್ಕೆ ಬಂದಿತು. 2001-02ರಲ್ಲಿ ಬೆಲೆ ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಏನಾಯಿತೆಂದು ನಿಮ್ಮ ತಂದೆಯವರಿಗೆ ನಾನು ಹೇಳಬೇಕಾಗಿಲ್ಲ. ಪೂರೈಕೆ ಹೆಚ್ಚಿ ಬೆಲೆ ಬಿದ್ದಿತು ಎಂದು ಅರ್ಥಶಾಸ್ತ್ರದವರು ಹೇಳಿದರೆ ಅದು ತಪ್ಪಲ್ಲ. ಆದರೆ ಪೂರೈಕೆಗೆ ಇದ್ದ ಕಟ್ಟೆಯನ್ನು ಕಟ್ಟಿದವರು ಯಾರು, ಒಡೆದವರು ಯಾರು, ಆ ನೀರು ಯಾರ ಗದ್ದೆಗೆ ಹರಿಯಿತು ಎಂಬುದು ನೀವು ಓದಬೇಕೆಂದಿರುವ ವಿಷಯ.

ಈ ವಿಷಯ ಕನ್ನಡಕ್ಕೆ ಹೊಸತು ಎಂದೂ ನೀವು ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. 1990ರ ದಶಕದ ಆರಂಭದಲ್ಲಿ ಜಾಗತಿಕ ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ ಮುಖ್ಯಸ್ಥ ಡಂಕೆಲ್ ಮುಂದಿಟ್ಟ ಪ್ರಸ್ತಾವದ ಮೇಲೆ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರೂ ರೈತ ಸಂಘದವರೂ ಬಿತ್ತನೆ ಬೀಜ, ಪೇಟೆಂಟ್, ಗ್ಯಾಟ್ ಎಂಬ ಮಾತುಗಳನ್ನು ಹಳ್ಳಿಯ ಕಟ್ಟೆಗೆ ತಂದರು. ಅವರ ತೀರ್ಮಾನಗಳೆಲ್ಲವೂ ಸರಿಯಿದ್ದವೆಂದು ನನಗೆ ಅನಿಸುವುದಿಲ್ಲ. ಆದರೆ ಜಿನೀವಾದಲ್ಲಿ ಬರೆದ ನಿಯಮ ರಾಗಿ ಹೊಲದೊಳಗೆ ಹೇಗೆ ಬರುತ್ತದೆ ಎಂಬ ಪ್ರಶ್ನೆ ಈ ಶಾಸ್ತ್ರದ ನಡುಮನೆಯ ಪ್ರಶ್ನೆಯೇ.

ಇನ್ನು ಗಣಿತ. ಉತ್ತರ ನೀವು ಎಲ್ಲಿ ಓದುತ್ತೀರಿ ಎಂಬುದರ ಮೇಲಿದೆ. ಅಮೆರಿಕದಲ್ಲಿ ಇದು ಹೆಚ್ಚಾಗಿ ರಾಜ್ಯಶಾಸ್ತ್ರದ ಪಿಎಚ್.ಡಿ.ಯೊಳಗಿನ ಒಂದು ಕವಲು, ಅಲ್ಲಿ ಅಂಕಿಅಂಶದ ಮಾದರಿಗಳಿಲ್ಲದೆ ನಡೆಯುವುದು ಕಷ್ಟ. ಬ್ರಿಟನ್ನಿನಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ವಾರ್ವಿಕ್ ಮೊದಲಾದೆಡೆ ಇದೇ ಹೆಸರಿನ ಸ್ನಾತಕೋತ್ತರ ಪದವಿಗಳಿವೆ, ಒಲವು ಇತಿಹಾಸ ಮತ್ತು ಸಂಸ್ಥೆಗಳ ಕಡೆಗೆ ಹೆಚ್ಚು. ಅಂದಮಾತ್ರಕ್ಕೆ ಲೆಕ್ಕದಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ಹೋಗುವುದು ಸರಿಯಲ್ಲ. ಒಂದು ದೇಶದ ಪಾವತಿ ಬಾಕಿಯ ಪಟ್ಟಿಯನ್ನು (ಹೊರದೇಶಗಳಿಂದ ಬಂದ, ಅಲ್ಲಿಗೆ ಹೋದ ಹಣದ ಲೆಕ್ಕ) ಮುಂದಿಟ್ಟರೆ ಎಲ್ಲಿ ರಂಧ್ರವಿದೆ ಎಂದು ಗುರುತಿಸಲು ಬಾರದವರು ಅಧಿಕಾರ, ಪ್ರಾಬಲ್ಯ ಎಂಬ ದೊಡ್ಡ ಮಾತುಗಳನ್ನಾಡಿದರೆ ಅದು ಬರಿಯ ಭಾಷಣವಾಗುತ್ತದೆ. ಅಂಥ ಲೇಖನಗಳು ನಮ್ಮ ಕಚೇರಿಗೂ ಬರುತ್ತವೆ. ಅಂಕಿಅಂಶಶಾಸ್ತ್ರದ ಮೊದಲ ಪಾಠಗಳನ್ನೂ ರಿಸರ್ವ್ ಬ್ಯಾಂಕು ಪ್ರಕಟಿಸುವ ಪಾವತಿ ಬಾಕಿಯ ಪಟ್ಟಿಗಳನ್ನೂ ಜೊತೆಗಿಟ್ಟುಕೊಂಡು ಆರು ತಿಂಗಳು ಕುಳಿತರೆ ನಿಮ್ಮ ಅಗತ್ಯಕ್ಕೆ ಸಾಕು.

ಹೋಗಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಹೋಗಿ, ಆದರೆ ಈ ವರ್ಷ ಬೇಡ. ಒಂದು ಪೌಂಡಿಗೆ ನೂರು ರೂಪಾಯಿಗಿಂತ ಹೆಚ್ಚು ತೆತ್ತು ಓದಿ, ಆ ಸಾಲವನ್ನು ರೂಪಾಯಿಯ ಸಂಬಳದಲ್ಲಿ ತೀರಿಸುವುದು, ಅದೂ ಲಂಡನ್ ಮಾರುಕಟ್ಟೆಯ ರೊಬಸ್ಟಾ ದರದೊಂದಿಗೆ ಏಳುಬೀಳುವ ತೋಟದ ಆದಾಯವನ್ನು ನಂಬಿ, ಬಹಳ ದೊಡ್ಡ ಪಣ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಶುಲ್ಕವನ್ನೂ ಜೀವನವೆಚ್ಚವನ್ನೂ ಭರಿಸುತ್ತದೆ; ಅದಕ್ಕೆ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು. ಈ ಷರತ್ತನ್ನು ನಾನು ಅಡ್ಡಿಯೆಂದು ಎಣಿಸುವುದಿಲ್ಲ. ಸ್ಟ್ರೇಂಜ್ ಅವರೂ ಪತ್ರಕರ್ತೆಯಾಗಿ ಕೆಲಸ ಮಾಡಿದ್ದವರು, ಲಂಡನ್ನಿನಲ್ಲಿ ಪ್ರಾಧ್ಯಾಪಕರ ಪೀಠಕ್ಕೆ ಬಂದದ್ದು 1978ರಲ್ಲಿ, ಐವತ್ತು ದಾಟಿದ ಮೇಲೆ. ಕಾಫಿ ರಫ್ತಿನ ಕಚೇರಿ, ಬೆಳೆಗಾರರ ಸಹಕಾರ ಸಂಘ, ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗ ಅಥವಾ ಪತ್ರಿಕೆ, ಎಲ್ಲಿಯಾದರೂ ಎರಡು ವರ್ಷ ದುಡಿದು ಹೋದವರಿಗೆ ಆ ಹನ್ನೆರಡು ತಿಂಗಳು ದಕ್ಕುತ್ತವೆ. ಬಿ.ಎ. ಮುಗಿದ ಬಿಸಿಯಲ್ಲೇ ಹೋದವರಿಗೆ ಊರು, ಚಳಿ, ಗ್ರಂಥಾಲಯ ರೂಢಿಯಾಗುವಷ್ಟರಲ್ಲಿ ಪ್ರಬಂಧ ಒಪ್ಪಿಸುವ ದಿನ ಬಂದಿರುತ್ತದೆ.

ಇಲ್ಲೇ ಓದುವ ದಾರಿಯೂ ಇದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ವಿಶ್ವ ಆರ್ಥಿಕತೆಯ ವಿಶೇಷ ಅಧ್ಯಯನವಿರುವ ಅರ್ಥಶಾಸ್ತ್ರದ ಎಂ.ಎ. ಇದೆ, ಶುಲ್ಕ ಬ್ರಿಟನ್ನಿನದಕ್ಕೆ ಹೋಲಿಸಿದರೆ ಏನೂ ಅಲ್ಲ. ನಿಮ್ಮ ಗುರಿ ಕಾಲೇಜಿನ ಅಧ್ಯಾಪಕ ವೃತ್ತಿಯಾದರೆ ಇದೇ ಮೇಲು. 2022ರ ಜುಲೈನಲ್ಲಿ ಆದ ಭಾರತ-ಬ್ರಿಟನ್ ಒಪ್ಪಂದ ಅಲ್ಲಿನ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಮಾನ್ಯತೆಯ ದಾರಿ ತೆರೆದಿದೆ, ನಿಜ. ಆದರೆ ನೇಮಕಾತಿಯ ಮೇಜಿನ ಮುಂದೆ 'ಇದು ಅರ್ಥಶಾಸ್ತ್ರವೋ ರಾಜ್ಯಶಾಸ್ತ್ರವೋ' ಎಂದು ಕೇಳುವವರು ಇದ್ದೇ ಇರುತ್ತಾರೆ. ದೋಣಿಯ ಮಾತು ಅಲ್ಲಿ ಮಾತ್ರ ನಿಮ್ಮ ತಂದೆಯವರ ಪರವಾಗಿದೆ.

ಎಲ್ಲಿ ಓದಿದರೂ ನಿಮ್ಮದೇ ಒಂದು ಪ್ರಶ್ನೆ ಕೈಯಲ್ಲಿರಲಿ. 2020ರ ಡಿಸೆಂಬರ್ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ತನ್ನ ಮಾರುಕಟ್ಟೆಗೆ ಬಿಡುವುದಿಲ್ಲವೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಜಾರಿ ಮುಂದಕ್ಕೆ ಹೋಗುತ್ತ ಬಂದಿದೆಯಾದರೂ, ತೋಟದ ಅಕ್ಷಾಂಶ ರೇಖಾಂಶಗಳನ್ನು ಬೆಳೆಗಾರರು ಕೊಡಬೇಕಾದ ದಿನ ದೂರವಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ ರಾಜ್ಯದಲ್ಲಿ, ಮರದ ನೆರಳಿನಲ್ಲೇ ಬೆಳೆಯುವ ಎರಡು ಎಕರೆಯ ರೈತರು ಆ ಖರ್ಚನ್ನು ಯಾರಿಂದ ವಸೂಲು ಮಾಡಬೇಕು? ಇಡೀ ಪ್ರಬಂಧಕ್ಕೆ ಆಗುವಷ್ಟು ಸಾಮಗ್ರಿ ಇದೊಂದರಲ್ಲೇ ಇದೆ.

ಕೊನೆಗೆ ಆ ಟ್ರಂಕಿನ ಮಾತು. ಮಂಡಳಿ ಪೂಲ್ ಕಾಫಿಯ ಹಣವನ್ನು ಒಮ್ಮೆಗೇ ಕೊಡದೆ, ಮಾರಾಟವಾದಂತೆಲ್ಲ ಕಂತುಕಂತಾಗಿ ಕೊಡುತ್ತಿತ್ತು. 1989ರ ಹಿಂದಿನ ಮೂರು ವರ್ಷ ಮತ್ತು ಮುಂದಿನ ಮೂರು ವರ್ಷದ ಚೀಟಿಗಳು ಗೆದ್ದಲಿಗೆ ಸಿಗದೆ ಉಳಿದಿದ್ದರೆ, ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಾಂಕದ ಕ್ರಮದಲ್ಲಿ ಜೋಡಿಸಿ, ಮೊತ್ತಗಳನ್ನು ಒಂದು ಹಾಳೆಗೆ ಇಳಿಸಿ ನಮಗೆ ಕಳಿಸಿ. ಮುಂದಿನ ಸಂಚಿಕೆಯೊಂದರಲ್ಲಿ ಅದಕ್ಕೆ ಎರಡು ಪುಟ ಕಾದಿರಿಸುತ್ತೇನೆ.

— ಸಂಪಾದಕ