ಪಿಂಚಣಿ ‘ತಡೆಹಿಡಿಯಲಾಗಿದೆ’ ಅಂತ ಹಿಂಬರಹ ಬಂದರೆ ಹೋದಂಗೇನು?

ನಿಮ್ಮ ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ಬಗ್ಗೆ ತಹಶೀಲ್ದಾರ್ ಕಚೇರಿಯಿಂದ ‘ಹಿಂಬರಹ’ ಬಂದಿದೆ, ‘ತಡೆಹಿಡಿಯಲಾಗಿದೆ’ ಅಂತಿದೆ, ಪಿಂಚಣಿ ಹೋದಂಗೇನು ಅಂತ ಕೇಳಿದ್ದೀರಿ. ಇಲ್ಲ. ತಡೆಹಿಡಿಯೋದು ಬೇರೆ, ‘ರದ್ದುಪಡಿಸಲಾಗಿದೆ’ ಬೇರೆ. ನಿಮ್ಮದರಲ್ಲಿ ಕಡಿಮೆ ಬಿದ್ದ ಕಾಗದ ಕೊಟ್ಟು ಮತ್ತೆ ಚಾಲೂ ಮಾಡಿಸುವ ದಾರಿ ಇದೆ.

ಗದಗ ಹತ್ತಿರದ ನಮ್ಮ ಮನೆಗೂ ಇಂಥದ್ದೇ ಬಂದಿತ್ತು, ಅವ್ವನ ಹೆಸರಿಗೆ. ‘ಹಿಂಬರಹ’ ಅಂತ ಓದಿದ ಕೂಡಲೇ ಆಕೆ ಹಾಳೆ ತಿರುವಿ, “ಹಿಂದ ಏನೂ ಬರದಿಲ್ಲಲ್ಲೋ” ಅಂದಳು. ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರಕ್ಕೆ ಆ ಹೆಸರು, ಅಷ್ಟೇ.

ಇಂಥ ಪತ್ರಗಳನ್ನು ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರುವಾಗಿ ಅರ್ಧ ಪುಟ ಹರಿಯುವ ಆ ಒಂದೇ ವಾಕ್ಯದಲ್ಲಿ ಏನು ಮಾಡಿದರು ಅನ್ನೋದು ಕಟ್ಟಕಡೆಗೆ ಇರುತ್ತದೆ. ಅದರ ಮೇಲೆಲ್ಲೋ ‘ಕಾರಣ’ ಅಥವಾ ‘ಇಲ್ಲದಿರುವುದರಿಂದ’ ಅಂತ ಸಿಗುತ್ತದೆ. ಅದಕ್ಕೂ ಹಿಂದಿನ ನಾಲ್ಕಾರು ಪದಗಳೇ ನಿಮಗೆ ಬಿದ್ದ ಕೆಲಸ. ನಮ್ಮದರಲ್ಲಿ ‘ಆಧಾರ್ ಹಾಗೂ ಬ್ಯಾಂಕ್ ಖಾತೆಯ ಹೆಸರು ತಾಳೆಯಾಗದ ಕಾರಣ’ ಅಂತಿತ್ತು. ನೋಡಿದರೆ ಒಂದರಲ್ಲಿ ಹೆಸರಿನ ಕೊನೆಗೆ ‘ಅವ್ವ’, ಇನ್ನೊಂದರಲ್ಲಿ ‘ಅಮ್ಮ’! ನಮ್ಮ ಕಡೆ ಯಾರ ಮನೆಯಲ್ಲಿಲ್ಲ ಈ ಫಜೀತಿ? ಬ್ಯಾಂಕಿನಲ್ಲಿ ಕೆವೈಸಿ, ಅಂದರೆ ಗುರುತಿನ ದಾಖಲೆಗಳ ಪರಿಶೀಲನೆ, ಮಾಡಿಸಿ ಸರಿಪಡಿಸಿದೆವು.

ನಾನು ತಪ್ಪಿದ್ದು ಆಮೇಲೆ. ಸರಿಪಡಿಸಿದ ಕಾಗದದ ಜೆರಾಕ್ಸ್ ಪ್ರತಿ ತಹಶೀಲ್ದಾರ್ ಕಚೇರಿಯಲ್ಲಿ ಕೊಟ್ಟೆ, “ಆತು, ಹೋಗ್ರಿ” ಅಂದರು, ಬಂದುಬಿಟ್ಟೆ. ಎರಡು ತಿಂಗಳು ಬಿಟ್ಟು ಕೇಳಿದರೆ ಅಂಥ ಕಾಗದ ಬಂದೇ ಇಲ್ಲ ಅಂದರು. ಕೊಟ್ಟಿದ್ದಕ್ಕೆ ನನ್ನ ಹತ್ತಿರ ಪುರಾವೆ ಏನಿದೆ? ನೀವು ಹಂಗ ಮಾಡಬ್ಯಾಡ್ರಿ. ಹಿಂಬರಹದ ಸಂಖ್ಯೆ, ದಿನಾಂಕ ನಿಮ್ಮ ಅರ್ಜಿಯ ‘ಉಲ್ಲೇಖ’ದಲ್ಲಿ ಬರೆದು, ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೇ ಬರ್ರಿ. “ಸ್ವೀಕೃತಿ ಕೊಡ್ರಿ” ಅಂದರೆ ಅವರಿಗೆ ತಿಳಿಯುತ್ತದೆ.

ಅಜ್ಜಿಯ ಆಧಾರ್ ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅನ್ನೋದನ್ನೂ ನೋಡಿರಿ. ಡಿಬಿಟಿ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ದುಡ್ಡು, ಹೋಗುವುದು ಕಡೆಯದಾಗಿ ಆಧಾರ್ ಜೋಡಿಸಿದ ಖಾತೆಗೆ. ನಡುವೆ ಯಾರೋ ಹೊಸ ಖಾತೆ ತೆರೆಸಿದ್ದರೆ ತಿಂಗಳ 1,200 ರೂಪಾಯಿ ಅಲ್ಲಿ ಬಿದ್ದಿರಲೂಬಹುದು. ತಾಲೂಕಿಗೆ ಬಸ್ ಹತ್ತುವ ಮೊದಲು ನಿಮ್ಮ ತಲಾಟಿಗೋ ನಾಡಕಚೇರಿಯಲ್ಲೋ ಪತ್ರ ತೋರಿಸಿರಿ. ಪತ್ರದಲ್ಲಿ ‘ತಲುಪಿದ ಇಷ್ಟು ದಿನದೊಳಗಾಗಿ’ ಅಂತಿದ್ದರೆ ಲಕೋಟೆ ಎಸೆಯಬ್ಯಾಡ್ರಿ, ಎಂದು ಬಂತು ಅನ್ನೋದಕ್ಕೆ ಅದರ ಮೇಲಿನ ಅಂಚೆ ಮೊಹರು ಬೇಕಾಗುತ್ತದೆ.